ಲಟ್ಟಣಿಗೆಯ ಕೆಳಗೆ ಯಾವ ಕಾಗದ?



ನವೆಂಬರ್ ತಿಂಗಳು ಬಂತೆಂದರೆ ಅಮೆರಿಕದಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಎರಡು ಬಗೆಯ ಹಬ್ಬದಡುಗೆ ಒಂದರ ಬೆನ್ನಿಗೆ ಇನ್ನೊಂದು ನಡೆಯುತ್ತದೆ. ರಾಜ್ಯೋತ್ಸವದ ಊಟಕ್ಕೆ ಹೋಳಿಗೆ ಆಗಬೇಕು. ಅದೇ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್‌ಗೆ ಮಕ್ಕಳಿಗೆ ಪೈ ಆಗಬೇಕು. ಹೋಳಿಗೆಯನ್ನು ತಟ್ಟುವುದಕ್ಕೂ ಪೈ ಹಿಟ್ಟನ್ನು ಲಟ್ಟಿಸುವುದಕ್ಕೂ ಅಡಿಯಲ್ಲಿ ಏನನ್ನಾದರೂ ಹಾಸುವುದು ವಾಡಿಕೆ. ಏನನ್ನು ಹಾಸಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಕೈಗೆ ಸಿಕ್ಕಿದ ಹಾಳೆಯೇ ಉತ್ತರವಾಗುತ್ತದೆ. ಈ ವಿಷಯ ತೀರ ಸಣ್ಣದೆಂದು ಹಲವರು ಭಾವಿಸಬಹುದು. ವೈದ್ಯವೃತ್ತಿಯಲ್ಲಿರುವ ಮತ್ತು ಸಂಘದ ಅಡುಗೆಮನೆಯಲ್ಲಿ ಸ್ವಯಂಸೇವೆ ಮಾಡುವ ನನಗೆ ಅದು ಅಷ್ಟು ಸಣ್ಣದೆಂದು ತೋರುವುದಿಲ್ಲ. ಹಲವು ಕೈಗಳು ಸೇರಿ ದುಡಿಯುವ ಅಡುಗೆಮನೆಯಲ್ಲಿ ಯಾವ ಕಾಗದವಿರಬೇಕು, ಯಾವುದು ಇರಕೂಡದು ಎಂಬುದನ್ನು ನಾವು ಒಮ್ಮೆ ನಿರ್ಧರಿಸಿಬಿಡಬೇಕೆಂಬುದು ಈ ಬರಹದ ಆಶಯ.

ಮೊದಲ ತೊಡಕು ಹೆಸರಿನದು. ಊರಿನಲ್ಲಿ ನಾವು ‘ಬಟರ್ ಪೇಪರ್’ ಎಂಬ ಒಂದೇ ಮಾತಿನಿಂದ ಎಲ್ಲವನ್ನೂ ನಿಭಾಯಿಸುತ್ತಿದ್ದೆವು. ಬೇಕರಿಯವರು ಕೇಕಿನ ತಟ್ಟೆಗೆ ಹಾಸುವುದೂ ಬಟರ್ ಪೇಪರ್; ಬೆಣ್ಣೆಯನ್ನು ಸುತ್ತಿ ಕೊಡುವುದೂ ಬಟರ್ ಪೇಪರ್; ಶಾಲೆಯಲ್ಲಿ ಭೂಪಟದ ಮೇಲಿಟ್ಟು ಗೆರೆ ತೆಗೆಯುತ್ತಿದ್ದ ಅರೆಪಾರದರ್ಶಕ ಹಾಳೆಯೂ ಬಟರ್ ಪೇಪರ್. ಅಮೆರಿಕದ ಅಂಗಡಿಯಲ್ಲಿ ಆ ಹೆಸರಿನ ಪೆಟ್ಟಿಗೆ ಸಾಮಾನ್ಯವಾಗಿ ಕಾಣಸಿಗದು. ಅಲ್ಲಿರುವುದು ವ್ಯಾಕ್ಸ್ ಪೇಪರ್, ಪಾರ್ಚ್‌ಮೆಂಟ್ ಪೇಪರ್, ಫ್ರೀಜರ್ ಪೇಪರ್. ಬ್ರಿಟನ್ನಿನಲ್ಲಿ ಕೆಲಕಾಲ ಇದ್ದು ಇಲ್ಲಿಗೆ ಬಂದವರು ಗ್ರೀಸ್‌ಪ್ರೂಫ್ ಪೇಪರ್ ಕೇಳುತ್ತಾರೆ. ಆಸ್ಟ್ರೇಲಿಯಾದಿಂದ ಬಂದವರು ಬೇಕಿಂಗ್ ಪೇಪರ್ ಎನ್ನುತ್ತಾರೆ. ‘ಕಿಚನ್ ಪೇಪರ್’ ಎಂದರಂತೂ ಬ್ರಿಟನ್ನಿನ ರೂಢಿಯಲ್ಲಿ ಕೈಯೊರೆಸುವ ಪೇಪರ್ ಟವೆಲ್ ಎಂದೇ ಅರ್ಥ. ಅದರ ಮೇಲೆ ಹಿಟ್ಟನ್ನು ಲಟ್ಟಿಸಲು ಹೊರಟರೆ ಹಿಟ್ಟು ಮತ್ತು ಕಾಗದ ಎರಡೂ ಒಂದಾಗುತ್ತವೆ. ಒಂದೇ ಕಟ್ಟೆಯ ಸುತ್ತ ನಿಂತ ಐವರು ಐದು ಹೆಸರುಗಳನ್ನು ಹೇಳುವಾಗ ಯಾರ ಕೈಗೆ ಯಾವ ಸುರುಳಿ ಬಂತೆಂಬುದು ಅದೃಷ್ಟಕ್ಕೆ ಬಿಟ್ಟ ವಿಷಯವಾಗುತ್ತದೆ.

ಆದ್ದರಿಂದ ಹೆಸರನ್ನು ಬದಿಗಿಟ್ಟು ಎರಡು ಪ್ರಶ್ನೆಗಳನ್ನು ಕೇಳುವುದು ಲೇಸು. ಈ ಕಾಗದಕ್ಕೆ ಬಳಿದಿರುವುದೇನು? ಇದಕ್ಕೆ ಬಿಸಿ ತಾಗುವುದೇ, ಇಲ್ಲವೇ? ಈ ಎರಡಕ್ಕೆ ಉತ್ತರ ದೊರೆತರೆ ಉಳಿದದ್ದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಉತ್ತರಕ್ಕೆ ಮೊದಲು, ಹಿಟ್ಟಿನ ಕೆಳಗೆ ಕಾಗದ ಏಕೆ ಬೇಕು ಎಂಬುದನ್ನು ತಿಳಿಯಬೇಕು. ಪೈ ಹಿಟ್ಟು ಮತ್ತು ಹೋಳಿಗೆಯ ಕಣಕ ನೋಡಲು ದಾಯಾದಿಗಳಂತಿದ್ದರೂ ಸ್ವಭಾವದಲ್ಲಿ ಪರಸ್ಪರ ವಿರುದ್ಧ. ಕಣಕಕ್ಕೆ ಮೈದಾ ಅಥವಾ ಚಿರೋಟಿ ರವೆಯನ್ನು ಅರಿಶಿನ ಸೇರಿಸಿ ಸಡಿಲವಾಗಿ ಕಲಸಿ, ಚೆನ್ನಾಗಿ ನಾದಿ, ಧಾರಾಳವಾಗಿ ಎಣ್ಣೆ ಹಾಕಿ ಗಂಟೆಗಟ್ಟಲೆ ನೆನೆಯಲು ಬಿಡುತ್ತೇವೆ. ಹಿಟ್ಟಿಗೆ ನೀರು ಬೆರೆತು ಗ್ಲುಟೆನ್ ಎಂಬ ಪ್ರೋಟೀನಿನ ಜಾಲ ಬೆಳೆಯಬೇಕು, ಹೂರಣವನ್ನು ಒಳಗಿಟ್ಟು ಎಳೆದಷ್ಟೂ ಕಣಕ ಹಿಗ್ಗಬೇಕು. ಪೈಗೆ ಬೇಕಾದುದು ಇದರ ತದ್ವಿರುದ್ಧ. ಮೈದಾದೊಳಗೆ ತಣ್ಣಗಿನ ಬೆಣ್ಣೆಯ ಚೂರುಗಳು ಕರಗದೆ ಉಳಿಯಬೇಕು, ನೀರು ಮಿತವಾಗಿರಬೇಕು, ಕೈ ಹೆಚ್ಚು ಆಡಬಾರದು. ಅಮೆರಿಕದ ಬೆಣ್ಣೆಯಲ್ಲಿ ಕಡಿಮೆಯೆಂದರೂ ಶೇಕಡಾ 80ರಷ್ಟು ಕೊಬ್ಬಿರುತ್ತದೆ. ಉಳಿದುದರಲ್ಲಿ ಬಹುಪಾಲು ನೀರು. ಓವನ್ನಿನ ಕಾವಿಗೆ ಆ ನೀರು ಹಬೆಯಾಗಿ ಹಿಟ್ಟಿನ ಪದರಗಳನ್ನು ಬಿಡಿಸುತ್ತದೆ. ಬೆಣ್ಣೆ ಮೊದಲೇ ಕರಗಿ ಹಿಟ್ಟಿನೊಡನೆ ಬೆರೆತುಹೋದರೆ ಪದರಗಳೂ ಇಲ್ಲ, ಗರಿಗರಿಯೂ ಇಲ್ಲ. ಹೋಳಿಗೆಗೆ ಹಿಗ್ಗುವ ಕಣಕ, ಪೈಗೆ ಪದರ ಪದರವಾಗಿ ಮುರಿಯುವ ಕಣಕ ಎಂದು ನೆನಪಿಟ್ಟುಕೊಂಡರೆ ಸಾಕು.

ಬೆಣ್ಣೆ ಸುಮಾರು 90ರಿಂದ 95 ಡಿಗ್ರಿ ಫ್ಯಾರನ್‌ಹೀಟ್ ಶಾಖಕ್ಕೆ ಕರಗುತ್ತದೆ. ಅಂಗೈಯ ಬಿಸಿಯೇ ಅದಕ್ಕೆ ಹೆಚ್ಚುಕಡಿಮೆ ಸಾಕು. ಕಟ್ಟೆಗೆ ನೇರವಾಗಿ ಲಟ್ಟಿಸಿದರೆ ಹಿಟ್ಟು ಅಂಟುತ್ತದೆ; ಅಂಟದಿರಲು ಒಣಹಿಟ್ಟು ಉದುರಿಸುತ್ತೇವೆ; ಮತ್ತೆ ಅಂಟಿದಾಗ ಮತ್ತಷ್ಟು ಉದುರಿಸುತ್ತೇವೆ. ಹೀಗೆ ಸೇರಿದ ಹೆಚ್ಚುವರಿ ಹಿಟ್ಟಿನಿಂದ ಪೈ ಒರಟಾಗಿ, ಒಣಗಿದಂತಾಗುತ್ತದೆ. ಎರಡು ಹಾಳೆಗಳ ನಡುವೆ ಹಿಟ್ಟನ್ನಿಟ್ಟು ಲಟ್ಟಿಸಿದರೆ ಒಣಹಿಟ್ಟು ಬಹುತೇಕ ಬೇಕಾಗುವುದಿಲ್ಲ, ಕೈಯ ಬಿಸಿ ತಾಗುವುದಿಲ್ಲ. ನಡುವೆ ಹಿಟ್ಟು ಮೆತ್ತಗಾಯಿತೆಂದರೆ ಹಾಳೆಗಳ ಸಮೇತ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಹೊರತೆಗೆಯಬಹುದು. ಹೊಸದಾಗಿ ಕಲಿಯುವ ಮಕ್ಕಳಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಇನ್ನು ಕಾಗದಗಳನ್ನು ಒಂದೊಂದಾಗಿ ನೋಡೋಣ.

ವ್ಯಾಕ್ಸ್ ಪೇಪರ್ ಎಂದರೆ ಮೇಣ ಸವರಿದ ತೆಳು ಕಾಗದ. ಮೇಣ ಹೆಚ್ಚಾಗಿ ಪ್ಯಾರಾಫಿನ್. ಕೆಲವು ಕಡೆ ಸೋಯಾ ಮೇಣ. ಬೆಲೆ ಕಡಿಮೆ, ತೇವ ಹೀರುವುದಿಲ್ಲ, ತಣ್ಣಗಿನ ಹಿಟ್ಟನ್ನು ಲಟ್ಟಿಸಲು ಯಾವ ಅಡ್ಡಿಯೂ ಇಲ್ಲ. ಅಮೆರಿಕದ ಎಷ್ಟೋ ಮನೆಗಳಲ್ಲಿ ಪೈ ಹಿಟ್ಟಿಗೆ ಇದೇ ಬಳಕೆಯಲ್ಲಿದೆ. ಇದರ ದೌರ್ಬಲ್ಯ ಒಂದೇ: ಬಿಸಿ. ಪ್ಯಾರಾಫಿನ್ ಕುದಿಯುವ ನೀರಿನ ಶಾಖಕ್ಕೂ ಬಹಳ ಮೊದಲೇ ಕರಗುತ್ತದೆ. 400 ಡಿಗ್ರಿ ಫ್ಯಾರನ್‌ಹೀಟ್‌ನ ಓವನ್ನಿನಲ್ಲಿ ಹೊರಗೆ ಕಾಣುವಂತೆ ಬಿಟ್ಟರೆ ಹೊಗೆಯೇಳುತ್ತದೆ, ಹೊತ್ತಿಕೊಳ್ಳಲೂಬಹುದು.

ಪಾರ್ಚ್‌ಮೆಂಟ್ ಪೇಪರಿನ ಕಥೆ ಬೇರೆ. ಮರದ ನಾರಿನ ಕಾಗದವನ್ನು ಗಂಧಕಾಮ್ಲದಲ್ಲಿ ಹಾಯಿಸಿ, ತೊಳೆದು ಒಣಗಿಸಿದಾಗ ಅದರ ರಂಧ್ರಗಳು ಮುಚ್ಚಿ ಮೈ ಬಿಗಿಯಾಗುತ್ತದೆ, ಜಿಡ್ಡು ಒಳಗಿಳಿಯುವುದಿಲ್ಲ. ಅದರ ಮೇಲೆ ಸಾಮಾನ್ಯವಾಗಿ ಸಿಲಿಕೋನ್ ಲೇಪನವಿರುತ್ತದೆ. ಅಂಟದಿರುವುದಕ್ಕೂ ಬಿಸಿ ತಡೆಯುವುದಕ್ಕೂ ಅದೇ ಕಾರಣ. ಪೆಟ್ಟಿಗೆಯ ಮೇಲೆ 420ರಿಂದ 450 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಎಂದು ಮಿತಿ ನಮೂದಾಗಿರುತ್ತದೆ. ಕೆಲವು ಅಗ್ಗದ ಹಾಳೆಗಳಿಗೆ ಸಿಲಿಕೋನ್ ಬದಲು ಕ್ವಿಲಾನ್ ಎಂಬ ಕ್ರೋಮಿಯಂ ಸಂಯುಕ್ತವನ್ನು ಬಳಿದಿರುತ್ತಾರೆ. ಆದ್ದರಿಂದ ‘ಸಿಲಿಕೋನ್ ಲೇಪಿತ’ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳುವುದು ಒಳಿತು.

ಗ್ರೀಸ್‌ಪ್ರೂಫ್ ಕಾಗದ ನಾರನ್ನು ಬಹಳ ಅರೆದು ಒತ್ತಾಗಿ ತಯಾರಿಸಿದ್ದು. ಜಿಡ್ಡನ್ನು ತಡೆಯುತ್ತದೆ, ಆದರೆ ಸಿಲಿಕೋನ್ ಇಲ್ಲದಿದ್ದರೆ ಹಿಟ್ಟು ಅದಕ್ಕೆ ಅಂಟುತ್ತದೆ. ಫ್ರೀಜರ್ ಪೇಪರಿನ ಒಂದು ಬದಿಗೆ ಪಾಲಿಥೀನ್ ಪದರವಿರುತ್ತದೆ. ಹೊಳೆಯುವ ಬದಿಯ ಮೇಲೆ ಹಿಟ್ಟು ಲಟ್ಟಿಸಬಹುದು, ಓವನ್ನಿಗೆ ಮಾತ್ರ ಸರ್ವಥಾ ಸಲ್ಲದು.

ಇಲ್ಲಿ ಒಂದು ಆಕ್ಷೇಪ ಬರಬಹುದು: ಲಟ್ಟಿಸುವ ಕಾಗದ ಕಟ್ಟೆಯ ಮೇಲೇ ಉಳಿಯುವುದಾದರೆ ಬಿಸಿಯ ಮಾತೇಕೆ? ಮೇಣದ ಕಾಗದವೇ ಸಾಲದೇ? ಒಬ್ಬರೇ ಅಡುಗೆ ಮಾಡುವ ಮನೆಯಲ್ಲಿ ಖಂಡಿತ ಸಾಕು. ಆದರೆ ಪೈ ಮಾಡುವ ಕ್ರಮವನ್ನು ಗಮನಿಸಿ. ಕುಂಬಳದ ಪೈಯಂಥವುಗಳಲ್ಲಿ ಹೂರಣ ತುಂಬುವ ಮೊದಲು ಬರಿಯ ಹಿಟ್ಟಿನ ತಟ್ಟೆಯನ್ನು ಅರೆಬೇಯಿಸುವ ರೂಢಿಯುಂಟು. ಅದು ಉಬ್ಬದಿರಲೆಂದು ಮೇಲೆ ಒಂದು ಹಾಳೆ ಹಾಸಿ, ಅದರಲ್ಲಿ ಒಣ ರಾಜ್ಮಾ ಅಥವಾ ಕಡಲೆಯನ್ನು ಭಾರವಾಗಿ ತುಂಬಿ ಓವನ್ನಿಗೆ ಇಡುತ್ತಾರೆ. ಲಟ್ಟಿಸುವಾಗ ಕೈಯಲ್ಲಿದ್ದ ಸುರುಳಿಯಿಂದಲೇ ಈ ಹಾಳೆಯನ್ನೂ ಹರಿಯುವುದು ಸಹಜ. ಮೊದಲ ಹೆಜ್ಜೆಯಲ್ಲಿ ನಿರಪಾಯವಾಗಿದ್ದ ಮೇಣದ ಕಾಗದ ಎರಡನೆಯ ಹೆಜ್ಜೆಯಲ್ಲಿ ಅಪಾಯವಾಗುವುದು ಹೀಗೆ. ನೋಡಲು ಎರಡು ಸುರುಳಿಗಳೂ ಬೆಳ್ಳಗೆ, ತೆಳ್ಳಗೆ, ಒಂದೇ ಅಳತೆಯ ಪೆಟ್ಟಿಗೆಯಲ್ಲಿ. ಹತ್ತು ಮಕ್ಕಳು, ನಾಲ್ವರು ಪೋಷಕರು, ಊರಿನಿಂದ ಬಂದ ಇಬ್ಬರು ಅಜ್ಜಿಯರು ಸೇರಿ ಕೆಲಸ ಮಾಡುವಾಗ ‘ಇದು ಕಟ್ಟೆಗೆ, ಅದು ಓವನ್ನಿಗೆ’ ಎಂಬ ನಿಯಮ ಅರ್ಧ ಗಂಟೆಯೂ ಉಳಿಯದು. ಮರೆವಿಗೆ ಎಡೆಯಿಲ್ಲದಂತೆ ವಸ್ತುಗಳನ್ನು ಜೋಡಿಸುವುದೇ ಸುರಕ್ಷತೆಯ ಮೊದಲ ಪಾಠವೆಂದು ಆಸ್ಪತ್ರೆಗಳಲ್ಲಿ ಕಲಿಸುತ್ತಾರೆ. ಒಂದೇ ರೀತಿ ಕಾಣುವ ಎರಡು ಔಷಧದ ಸೀಸೆಗಳನ್ನು ಅಕ್ಕಪಕ್ಕ ಇಡಬಾರದೆಂಬ ನಿಯಮ ಅಡುಗೆಮನೆಗೂ ಅನ್ವಯಿಸುತ್ತದೆ.

ಹೋಳಿಗೆಯ ಕಡೆಗೆ ತಿರುಗಿದರೆ ವಿಷಯ ಇನ್ನೂ ಗಂಭೀರ. ಬಾಳೆಲೆಯ ಮೇಲೆ ಹೋಳಿಗೆ ತಟ್ಟುವುದು ನಮ್ಮ ಹಿರಿಯರ ಪದ್ಧತಿ. ಎಲೆ ದುರ್ಲಭವಾದಂತೆ ಅದರ ಜಾಗಕ್ಕೆ ಎಣ್ಣೆ ಪ್ಯಾಕೆಟ್ಟಿನ ಮತ್ತು ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಹಾಳೆ ಬಂತು. ತಟ್ಟಿದ ಹೋಳಿಗೆಯನ್ನು ಆ ಹಾಳೆಯ ಸಮೇತ ಕಾವಲಿಯ ಮೇಲೆ ಕವುಚಿ ಹಾಳೆಯನ್ನು ಸುಲಿಯುವ ಅಭ್ಯಾಸ ಈಗಲೂ ಅನೇಕರಲ್ಲಿದೆ. ಪ್ಯಾಕೆಟ್ಟುಗಳಲ್ಲಿ ಸಾಮಾನ್ಯವಾದ ಪಾಲಿಥೀನ್ 105ರಿಂದ 115 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ. ಹೋಳಿಗೆ ಬೇಯುವ ಕಾವಲಿಯ ಶಾಖ ಅದಕ್ಕಿಂತ ಬಹಳ ಹೆಚ್ಚು. ಕೈಚಳಕವಿರುವ ಹಿರಿಯರು ಕ್ಷಣದಲ್ಲಿ ಸುಲಿದುಬಿಡುತ್ತಾರೆ, ನಿಜ. ಕೈಚಳಕವಿಲ್ಲದವರ ಹೋಳಿಗೆಯ ಅಂಚಿಗೆ ಪ್ಲಾಸ್ಟಿಕ್ ಸೇರುತ್ತದೆ. ಆ ಪ್ಯಾಕೆಟ್ಟುಗಳನ್ನು ತಯಾರಿಸಿದ್ದು ತಣ್ಣಗಿನ ಹಾಲಿಗೂ ಎಣ್ಣೆಗೂ ಹೊರತು ಬಿಸಿ ಕಾವಲಿಗಲ್ಲ. ಪಾರ್ಚ್‌ಮೆಂಟ್ ಹಾಳೆಗೆ ಸ್ವಲ್ಪ ಎಣ್ಣೆ ಸವರಿ ಅದರ ಮೇಲೆ ತಟ್ಟಿ, ಕಾವಲಿಗೆ ಕವುಚಿ ಸುಲಿದರೆ ಕೆಲಸ ಅಷ್ಟೇ ಸಲೀಸು. ಒಂದು ಹಾಳೆ ಹಲವು ಹೋಳಿಗೆಗಳಿಗೆ ಬರುತ್ತದೆ. ಗ್ಯಾಸಿನ ಜ್ವಾಲೆಗೆ ಹಾಳೆಯ ಅಂಚು ತಾಗದಂತೆ ಕಾವಲಿಯ ಅಳತೆಗಿಂತ ಚಿಕ್ಕದಾಗಿ ಕತ್ತರಿಸಿಕೊಳ್ಳಬೇಕು, ಅಷ್ಟೇ.

ವೈದ್ಯಕೀಯ ದೃಷ್ಟಿಯಿಂದ ಇನ್ನೆರಡು ಮಾತುಗಳನ್ನು ಹೇಳಲೇಬೇಕು.

ಒಂದು, ಹಸಿ ಹಿಟ್ಟಿನ ಕುರಿತು. ಮೈದಾ ಒಣಪುಡಿಯಾದ್ದರಿಂದ ಅದರಲ್ಲಿ ರೋಗಾಣುಗಳಿರಲಾರವೆಂದು ಬಹುಮಂದಿ ನಂಬಿದ್ದಾರೆ. ಗೋಧಿ ಹೊಲದಲ್ಲಿ ಬೆಳೆಯುವಂಥದ್ದು. ಬೀಸಿದ ಮಾತ್ರಕ್ಕೆ ಸೂಕ್ಷ್ಮಾಣುಗಳು ಸಾಯುವುದಿಲ್ಲ. 2016ರಲ್ಲಿ ಅಮೆರಿಕದ 24 ರಾಜ್ಯಗಳಲ್ಲಿ 63 ಮಂದಿ ಇ. ಕೋಲಿ ಸೋಂಕಿಗೆ ತುತ್ತಾದ ಪ್ರಕರಣದ ಮೂಲ ಹಸಿ ಗೋಧಿಹಿಟ್ಟು ಎಂದು ಇಲ್ಲಿನ ಆರೋಗ್ಯ ಇಲಾಖೆಗಳು ಪತ್ತೆಹಚ್ಚಿದವು. ಮಕ್ಕಳು ಲಟ್ಟಿಸುವಾಗ ಹಿಟ್ಟಿನ ಚೂರನ್ನು ಬಾಯಿಗೆ ಹಾಕಿಕೊಳ್ಳುವುದನ್ನು ನಾವೆಲ್ಲ ನೋಡಿ ನಕ್ಕಿದ್ದೇವೆ. ನಗುವುದರ ಜೊತೆಗೆ ತಡೆಯಲೂ ಬೇಕು. ಇಲ್ಲಿ ಕಾಗದದ ಉಪಕಾರ ದೊಡ್ಡದು. ಎರಡು ಹಾಳೆಗಳ ನಡುವೆ ಲಟ್ಟಿಸಿದಾಗ ಹಸಿ ಹಿಟ್ಟು ಕಟ್ಟೆಯ ತುಂಬ ಚೆಲ್ಲುವುದಿಲ್ಲ. ಪಕ್ಕದಲ್ಲೇ ಹೆಚ್ಚಿಟ್ಟ ಕೋಸಂಬರಿಗೆ ಬೀಳುವುದಿಲ್ಲ. ಹಸಿ ಹಿಟ್ಟು ತಾಗಿದ ಹಾಳೆಯ ಮೇಲೆ ಬೆಂದ ಪದಾರ್ಥವನ್ನು ಇಡದಿರುವುದು ಮತ್ತು ಕೆಲಸ ಮುಗಿದೊಡನೆ ಸೋಪಿನಿಂದ ಕೈ ತೊಳೆಯುವುದು ಮಕ್ಕಳಿಗೆ ಕಲಿಸಬೇಕಾದ ಪಾಠದ ಭಾಗವೇ ಆಗಬೇಕು.

ಎರಡು, ಜಿಡ್ಡು ತಡೆಯಲು ಬಳಿಯುವ ರಾಸಾಯನಿಕಗಳ ಕುರಿತು. ಪಿಎಫ್‌ಎಎಸ್ ಎಂದು ಕರೆಯುವ ಫ್ಲೋರಿನ್ ಸಂಯುಕ್ತಗಳನ್ನು ತಿಂಡಿ ಸುತ್ತುವ ಕಾಗದಗಳಿಗೂ ಮೈಕ್ರೋವೇವ್ ಪಾಪ್‌ಕಾರ್ನ್ ಚೀಲಗಳಿಗೂ ದಶಕಗಳ ಕಾಲ ಬಳಸಲಾಯಿತು. ಇವು ನಿಸರ್ಗದಲ್ಲಿ ಕೊಳೆಯುವುದಿಲ್ಲ, ದೇಹದಿಂದಲೂ ಬೇಗ ಹೊರಹೋಗುವುದಿಲ್ಲ. ಇವುಗಳಲ್ಲಿ ಒಂದಾದ ಪಿಎಫ್‌ಒಎ ಎಂಬುದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಡೆನ್ಮಾರ್ಕ್ 2020ರಲ್ಲಿಯೇ ಆಹಾರಕ್ಕೆ ತಾಗುವ ಕಾಗದದಲ್ಲಿ ಇವುಗಳ ಬಳಕೆಯನ್ನು ನಿಷೇಧಿಸಿತು. ಜಿಡ್ಡು ತಡೆಗಾಗಿ ಆಹಾರದ ಕಾಗದಗಳಿಗೆ ಬಳಿಯುತ್ತಿದ್ದ ಈ ಬಗೆಯ ಪದಾರ್ಥಗಳ ಮಾರಾಟ ಅಮೆರಿಕದಲ್ಲಿ ನಿಂತಿದೆ ಎಂದು ಇಲ್ಲಿನ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಆದ್ದರಿಂದ ಇಲ್ಲಿನ ಅಂಗಡಿಯ ಸಿಲಿಕೋನ್ ಲೇಪಿತ ಪಾರ್ಚ್‌ಮೆಂಟ್ ಕುರಿತು ಗಾಬರಿಪಡಬೇಕಾದ ಕಾರಣವಿಲ್ಲ. ಹೆಸರು, ತಯಾರಕರು, ಲೇಪನ ಯಾವುದೂ ನಮೂದಾಗಿರದ ಸುರುಳಿಯನ್ನು ಮಾತ್ರ ಕೊಳ್ಳದಿರೋಣ. ಊರಿನಿಂದ ಪ್ರೀತಿಯಿಂದ ತಂದ ‘ಬಟರ್ ಪೇಪರ್’ ಕಟ್ಟಿಗೂ ಇದೇ ಮಾತು ಸಲ್ಲುತ್ತದೆ. ಭಾರತದಲ್ಲಿಯೂ ಈ ಎಚ್ಚರ ಮೂಡಿದೆ. ಆಹಾರವನ್ನು ವೃತ್ತಪತ್ರಿಕೆಯಲ್ಲಿ ಸುತ್ತಿ ಕೊಡುವುದನ್ನು 2018ರ ಪ್ಯಾಕೇಜಿಂಗ್ ನಿಯಮಾವಳಿಗಳು ನಿಷೇಧಿಸಿವೆ. ಬೋಂಡದ ಎಣ್ಣೆಯನ್ನು ಹೀರಲು ಪತ್ರಿಕೆ ಹಾಸುವವರು ಇದನ್ನೂ ಗಮನಿಸಬೇಕು.

ಪಾರ್ಚ್‌ಮೆಂಟಿಗೆ ದೋಷಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೇಣದ ಕಾಗದಕ್ಕಿಂತ ಅದರ ಬೆಲೆ ಹೆಚ್ಚು. ಸಿಲಿಕೋನ್ ಇರುವುದರಿಂದ ಮರುಬಳಕೆಯ ಕಾಗದದ ಡಬ್ಬಿಗೆ ಅದನ್ನು ಹಾಕುವಂತಿಲ್ಲ. ಪರಿಸರದ ಕಾಳಜಿಯುಳ್ಳ ಸದಸ್ಯರು ಬಾಳೆಲೆಯೇ ಮೇಲೆಂದು ವಾದಿಸುತ್ತಾರೆ. ಹೋಳಿಗೆಯ ಮಟ್ಟಿಗೆ ಅವರ ಮಾತನ್ನು ನಾನು ಒಪ್ಪುತ್ತೇನೆ. ಏಷ್ಯಾದ ಮತ್ತು ಲ್ಯಾಟಿನ್ ಅಮೆರಿಕದ ದಿನಸಿ ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಬಾಳೆಲೆ ದೊರೆಯುತ್ತದೆ. ಕರಗಿಸಿ, ಒರೆಸಿ, ಉರಿಯ ಮೇಲೆ ಲಘುವಾಗಿ ಬಾಡಿಸಿದರೆ ಸೀಳದೆ ಬಗ್ಗುತ್ತದೆ. ಆದರೆ ಪೈ ಹಿಟ್ಟಿಗೆ ಬೇಕಾದ ಅಗಲದ, ಸೀಳಿಲ್ಲದ ಎಲೆ ಸಿಗುವುದು ಕಷ್ಟ. ಎಲೆಯ ನರಗಳ ಗೆರೆ ಹಿಟ್ಟಿನ ಮೇಲೆ ಮೂಡುತ್ತದೆ. ಮನೆಯಲ್ಲಿ ಮತ್ತೆ ಮತ್ತೆ ಪೈ ಮಾಡುವವರಿಗೆ ತೊಳೆದು ಬಳಸುವ ಸಿಲಿಕೋನ್ ಚಾಪೆ ಉತ್ತಮ. ಒಳಗೆ ಗಾಜಿನ ನೂಲಿನ ಬಲೆಯಿರುವ ಚಾಪೆಯಾದರೆ ಅದರ ಮೇಲೆ ಚಾಕು ಆಡಿಸಕೂಡದು. ಸಂಘದ ಅಡುಗೆಮನೆಯಲ್ಲಿ ಆ ಚಾಪೆಗಳು ಕಳೆದುಹೋಗುವುದೂ ಕತ್ತರಿಸಿಹೋಗುವುದೂ ಖಂಡಿತ. ಅಲ್ಲಿಗೆ ಪಾರ್ಚ್‌ಮೆಂಟೇ ಸರಿ.

ಕೊಳ್ಳುವಾಗ ಅಗಲವನ್ನು ಗಮನಿಸಬೇಕು. 9 ಅಂಗುಲದ ಪೈ ತಟ್ಟೆಗೆ ಸುಮಾರು 12 ಅಂಗುಲ ವ್ಯಾಸದ, ಅಂಗುಲದ ಎಂಟನೆಯ ಒಂದು ಭಾಗದಷ್ಟು ದಪ್ಪದ ಹಿಟ್ಟು ಬೇಕು. 12 ಅಂಗುಲದ ಹಾಳೆಯಲ್ಲಿ ಹಿಟ್ಟು ಅಂಚಿನಿಂದ ಹೊರಚಾಚುತ್ತದೆ. 15 ಅಂಗುಲ ಅಗಲದ ಸುರುಳಿಯನ್ನೇ ಆರಿಸಿಕೊಳ್ಳಿ. ಪಾರ್ಚ್‌ಮೆಂಟ್ ನುಣುಪಾದ್ದರಿಂದ ಕಟ್ಟೆಯ ಮೇಲೆ ಜಾರುತ್ತದೆ. ಕಟ್ಟೆಗೆ ನಾಲ್ಕು ಹನಿ ನೀರು ಸವರಿ ಹಾಳೆ ಹಾಸಿದರೆ ಅದು ಕಚ್ಚಿಕೊಳ್ಳುತ್ತದೆ. ಅಥವಾ ಹಾಳೆಯ ಅಂಚನ್ನು ಕಟ್ಟೆಯಿಂದ ಕೆಳಗೆ ಇಳಿಬಿಟ್ಟು ಹೊಟ್ಟೆಯಿಂದ ಒತ್ತಿ ನಿಂತರೂ ಆಯಿತು. ನಡುವಿನಿಂದ ಹೊರಕ್ಕೆ ಲಟ್ಟಿಸಿ. ನಾಲ್ಕೈದು ಸಲ ಲಟ್ಟಣಿಗೆ ಆಡಿಸಿದ ಮೇಲೆ ಮೇಲಿನ ಹಾಳೆಯನ್ನು ಎತ್ತಿ ಮತ್ತೆ ಹಾಸಿ, ಹಿಟ್ಟನ್ನು ಹಾಳೆಗಳ ಸಮೇತ ಮಗುಚಿ ಇನ್ನೊಂದು ಬದಿಯಲ್ಲೂ ಹಾಗೆಯೇ ಮಾಡಿ. ಇಲ್ಲವಾದರೆ ಕಾಗದದ ಸುಕ್ಕು ಹಿಟ್ಟಿನಲ್ಲಿ ಗೆರೆಯಾಗಿ ಕೂರುತ್ತದೆ. ಕೊನೆಗೆ ಮೇಲಿನ ಹಾಳೆಯನ್ನು ಸುಲಿದು, ಕೆಳಗಿನ ಹಾಳೆಯನ್ನು ಅಂಗೈಯಿಂದ ಆಧರಿಸಿ ತಟ್ಟೆಯ ಮೇಲೆ ಕವುಚಿದರೆ ಹಿಟ್ಟು ಹರಿಯದೆ ಕೂರುತ್ತದೆ. ಹೋಳಿಗೆ ಕವುಚಲು ಬಲ್ಲ ಕೈಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಪಾರ್ಚ್‌ಮೆಂಟೂ ಕಾಗದವೇ, ಬೆಂಕಿಗೆ ಅತೀತವಲ್ಲ. ಬ್ರಾಯ್ಲರ್ ಅಡಿಯಲ್ಲಿ ಇಡಬಾರದು. ಟೋಸ್ಟರ್ ಓವನ್ನಿನಲ್ಲಿ ಬಿಸಿಯ ಸರಳಿಗೆ ತಾಗಕೂಡದು. ಏರ್ ಫ್ರೈಯರಿನಲ್ಲಿ ಮೇಲೆ ಭಾರವಿಲ್ಲದೆ ಬರಿಯ ಹಾಳೆ ಇಟ್ಟರೆ ಗಾಳಿಗೆ ಹಾರಿ ಸರಳಿಗೆ ತಗಲುತ್ತದೆ. ಓವನ್ನಿನೊಳಗೆ ಕಾಗದ ಹೊತ್ತಿಕೊಂಡರೆ ಬಾಗಿಲು ತೆರೆಯದೆ ಓವನ್ನನ್ನು ಆರಿಸಬೇಕು. ಗಾಳಿ ಸಿಗದೆ ಬೆಂಕಿ ತಾನೇ ನಂದುತ್ತದೆ. ಉರಿ ಹೊರಗೆ ಬಂದರೆ ಎಲ್ಲರನ್ನೂ ಹೊರಗೆ ಕಳುಹಿಸಿ 911ಕ್ಕೆ ಕರೆ ಮಾಡಬೇಕು.

ಕಾರ್ಯಕಾರಿ ಸಮಿತಿಯ ಮುಂದೆ ನನ್ನ ವಿನಂತಿ ಇಷ್ಟೇ. ಸಂಘದ ಅಡುಗೆ ಸಾಮಾನಿನ ಪೆಟ್ಟಿಗೆಯಲ್ಲಿ 15 ಅಂಗುಲದ, ಸಿಲಿಕೋನ್ ಲೇಪಿತ ಪಾರ್ಚ್‌ಮೆಂಟ್ ಒಂದೇ ಇರಲಿ. ಮೇಣದ ಕಾಗದ, ಫ್ರೀಜರ್ ಪೇಪರ್, ಕತ್ತರಿಸಿದ ಎಣ್ಣೆ ಪ್ಯಾಕೆಟ್ಟುಗಳು ಅಲ್ಲಿಂದ ಹೊರಬೀಳಲಿ. ಎರಡು ಡಾಲರ್ ಉಳಿತಾಯಕ್ಕಾಗಿ ಎರಡು ಬಗೆಯ ಸುರುಳಿಗಳನ್ನಿಟ್ಟು ಯಾರದೋ ಮರೆವಿನ ಮೇಲೆ ಮಕ್ಕಳ ಸುರಕ್ಷತೆಯನ್ನು ನಿಲ್ಲಿಸುವುದು ಬೇಡ.

ಮನೆಗಳಲ್ಲಿ ಎರಡೂ ಬಗೆಯವು ಇದ್ದೇ ಇರುತ್ತವೆ. ಅವುಗಳಿಗೆ ನಮ್ಮದೇ ಹೆಸರಿಡೋಣ. ‘ಒಲೆಗೆ ಹೋಗುವ ಕಾಗದ’, ‘ಒಲೆಗೆ ಹೋಗಬಾರದ ಕಾಗದ’ ಎಂಬ ಎರಡು ಚೀಟಿಗಳನ್ನು ಕನ್ನಡ ಶಾಲೆಯ ಮಕ್ಕಳು ದೊಡ್ಡ ಅಕ್ಷರದಲ್ಲಿ ಬರೆದು ತಮ್ಮ ಮನೆಯ ಪೆಟ್ಟಿಗೆಗಳಿಗೆ ಅಂಟಿಸಲಿ. ಈ ದೇಶದ ಪೆಟ್ಟಿಗೆಯ ಮೇಲಿನ ಇಂಗ್ಲಿಷನ್ನು ಓದದ ಅಜ್ಜಿಗೂ ಆ ಚೀಟಿ ಅರ್ಥವಾಗುತ್ತದೆ. ಬರೆದ ಮಗುವಿಗೆ ಕನ್ನಡದ ಎರಡು ಸಾಲು ಒಂದು ಉಪಯುಕ್ತ ಕೆಲಸ ಮಾಡಿತೆಂಬ ಸಂತೋಷವೂ ಸಿಗುತ್ತದೆ.

ಎಲ್ಲರಿಗೂ ರಾಜ್ಯೋತ್ಸವದ ಹಾಗೂ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಶುಭಾಶಯಗಳು.